ಗೋಳಿಗೆ ಒಂದು ಮಾರ್ಕು

ಜಗತ್ತನ್ನು ಉಳಿಸಲು ಹೊರಟವರ ಮೇಲೆ ಮರಿಯಣ್ಣನವರಿಗಿದ್ದ ಮೊದಲ ತಕರಾರು ಎಂದರೆ ಅವರು ಯಾರೂ ಊಟ ಮಾಡುವುದಿಲ್ಲ ಎನ್ನುವುದು. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಕನ್ನಡಕ್ಕೆ ಡಬ್ ಆಗಿ ಬರುವ ಸೂಪರ್‌ಹೀರೋ ಸಿನಿಮಾಗಳಲ್ಲಿ ಅವರು ಒಂದನ್ನೂ ನೋಡದೆ ಬಿಟ್ಟವರಲ್ಲ, ಒಂದನ್ನೂ ಬೈಯದೆ ಬಿಟ್ಟವರೂ ಅಲ್ಲ. ಹಾರುವವನು ಎರಡೂವರೆ ಗಂಟೆ ಹಾರಿದರೂ ಒಂದು ಲೋಟ ನೀರು ಕುಡಿಯುವುದಿಲ್ಲ. ಗಾಜಿನ ಕಟ್ಟಡಗಳನ್ನು ಪುಡಿ ಮಾಡಿ ಹೋಗುತ್ತಾನೆ, ಮಾರನೆಯ ಬೆಳಿಗ್ಗೆ ಆ ಗಾಜು ಗುಡಿಸುವವರು ಯಾರೆಂದು ಯಾವ ಸಿನಿಮಾದವರೂ ತೋರಿಸಿಲ್ಲ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ರೈಲಿನ ವಿಷಯಕ್ಕೆ. ಹಳಿ ತಪ್ಪಲಿರುವ ರೈಲಿಗೆ ಹೀರೋ ಎದೆಕೊಟ್ಟು ನಿಂತನೆಂದರೆ ಮರಿಯಣ್ಣ ಸೋಫಾದಲ್ಲಿ ಮುಂದಕ್ಕೆ ಸರಿಯುತ್ತಿದ್ದರು.

"ಅಲ್ಲ ಕಣವ್ವ, ಇಪ್ಪತ್ತೆರಡು ಬೋಗಿ ಗಾಡೀನ ಹಂಗೆ ಗಕ್ಕನೆ ನಿಲ್ಸಿದ್ರೆ ಒಳಗಿರೋ ಜನ ಏನಾಗ್ಬೇಕು? ಎಲ್ಲ ಮುಂದಿನ ಸೀಟಿಗೆ ಬಡ್ಕೊಂಡು ಹಲ್ಲು ಉದುರಿಸ್ಕೋತಾರೆ. ಹಳಿ ನೆಟ್ಟಗೆ ಕೂಡ್ಸಿದ್ರೆ ಇವನು ಬರೋ ಕೆಲಸನೇ ಇಲ್ಲ," ಎಂದು ಮೊಮ್ಮಗಳು ಮೇಘಶ್ರೀಗೆ ಹೇಳುತ್ತಿದ್ದರು.

ಹಳಿ ಕೂಡಿಸುವ ಕೆಲಸವನ್ನು ಅವರು ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಮಾಡಿದ್ದರು. ಪಾಯಿಂಟ್ಸ್‌ಮನ್. ಹಾಸನಕ್ಕೆ ಹೋಗುವ ಗಾಡಿ ಬೀರೂರಿನ ಕಡೆ ನುಗ್ಗದ ಹಾಗೆ ನೋಡಿಕೊಳ್ಳುವವರು. ಅವರ ಪಾಳಿಯಲ್ಲಿ ಒಂದು ಗಾಡಿಯೂ ದಾರಿ ತಪ್ಪಲಿಲ್ಲ, ಹಾಗಾಗಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ.

ಶನಿವಾರ, ಭಾನುವಾರ ಸಂಜೆ ಏಳೂವರೆಯ ಹಾಡಿನ ಸ್ಪರ್ಧೆಗೆ ಮಾತ್ರ ಅವರು ಬರೀ ನೋಡುವವರಾಗಿ ಕೂರುತ್ತಿರಲಿಲ್ಲ, ಪರೀಕ್ಷೆ ತೆಗೆದುಕೊಳ್ಳುವವರಾಗಿ ಕೂರುತ್ತಿದ್ದರು. ಡೈರಿಯಲ್ಲಿ ಗೆರೆ ಎಳೆದು ಶ್ರುತಿ, ತಾಳ, ಮಾತು ಎಂದು ಮನೆ ಮಾಡಿಕೊಂಡು ಹತ್ತಕ್ಕೆ ಇಷ್ಟು ಎಂದು ಬರೆಯುತ್ತಿದ್ದರು. ಜಡ್ಜುಗಳು ಎದ್ದು ನಿಂತು ಕಣ್ಣೊರೆಸಿಕೊಂಡ ಹಾಡಿಗೆ ಇವರು ಆರು ಕೊಟ್ಟದ್ದುಂಟು. ಕೊನೆಯ ಮನೆಯ ತಲೆಬರಹ ಮೇಘಶ್ರೀ ಮೂರನೇ ಕ್ಲಾಸಿನಲ್ಲಿದ್ದಾಗ ಇಟ್ಟದ್ದು: ಗೋಳು.

ಹಾಡುವುದಕ್ಕೆ ಮುಂಚೆ ಸೋರುವ ಸೂರು, ಹರಿದ ಚಾಪೆ, ಅಳುವ ತಾಯಿಯನ್ನು ತೋರಿಸಿ, ಹಿಂದೆ ಪಿಟೀಲು ಕುಯ್ದು ಬಂದವರಿಗೆ ಒಂದು ಮಾರ್ಕು ಕಟ್. ಅದು ಆ ಮನೆಯ ಕಾನೂನು. "ಕಷ್ಟ ಯಾರಿಗಿಲ್ಲ? ಹಾಡು ಕೇಳೋಕೆ ಕೂತಿದೀವಿ, ಹಾಡ್ಲಿ," ಎನ್ನುವುದು ಮರಿಯಣ್ಣನವರ ವಾದ. ಅವರ ಹೆಂಡತಿ ರುದ್ರಮ್ಮ ಬಾಗಿಲ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ, "ಪಾಪ ಕಣ್ರೀ, ಅರ್ಧ ಕಟ್ ಮಾಡಿ, ಸಾಕು," ಎಂದು ಪ್ರತಿ ವಾರ ರಾಜಿಗೆ ಬರುತ್ತಿದ್ದರು. ರುದ್ರಮ್ಮ ಹೋಗಿ ಮೂರು ವರ್ಷವಾಗಿತ್ತು. ಅರ್ಧ ಮಾರ್ಕಿನ ಪರ ಮಾತನಾಡುವವರು ಈಗ ಮನೆಯಲ್ಲಿ ಯಾರೂ ಇರಲಿಲ್ಲ.

ಮೇಘಶ್ರೀಯೂ ಈಗ ಸೆಕೆಂಡ್ ಪಿಯುಸಿ. ಅವಳಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಕೈಯಲ್ಲೊಂದು ಫೋನು. ಮಗ ಮಧುಕುಮಾರ್ ತಾಲ್ಲೂಕು ಕಚೇರಿಯಿಂದ ಬಂದವನು ತಟ್ಟೆ ಹಿಡಿದುಕೊಂಡೇ "ಅಪ್ಪ, ಸೌಂಡ್ ಸ್ವಲ್ಪ ಕಮ್ಮಿ ಮಾಡು," ಎನ್ನುತ್ತಿದ್ದ. ಸೊಸೆ ಲತಾಮಣಿ ಹೈಸ್ಕೂಲ್ ಟೀಚರ್, ಸಂಜೆಯೆಲ್ಲ ಪೇಪರ್ ತಿದ್ದುವ ಕೆಲಸ. ಮರಿಯಣ್ಣ ಟೀವಿಯ ಜೊತೆಯಲ್ಲೇ ಮಾತಿಗೆ ಇಳಿದಿದ್ದರು. ಅಭಿಪ್ರಾಯ ಅಂದಮೇಲೆ ಅದನ್ನು ಅಲ್ಲ ಎನ್ನುವವರೊಬ್ಬರು ಎದುರಿಗಿರಬೇಕು. ಇಲ್ಲದಿದ್ದರೆ ಅದು ಗೊಣಗಾಟವಾಗುತ್ತದೆ, ಮುದುಕರು ಗೊಣಗುತ್ತಾರೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಹೀಗಿರುವಾಗ ಆ ಸ್ಪರ್ಧೆಗೇ ಮೇಘಶ್ರೀ ಆಯ್ಕೆಯಾದಳು. ಹಾಸನದಲ್ಲಿ ನಡೆದ ಆಡಿಷನ್ನಿನಲ್ಲಿ ನಾನೂರು ಜನ ಹಾಡಿ, ಮೂವರು ಉಳಿದು, ಅವರಲ್ಲಿ ಇವಳೊಬ್ಬಳು. ಆ ಸಂಜೆ ಲತಾಮಣಿ ಪೇಪರ್ ಕಟ್ಟನ್ನು ಬೀರುವಿನ ಮೇಲಿಟ್ಟು ಒಬ್ಬಟ್ಟು ಮಾಡಿದಳು. ನಾಲ್ಕೂ ಜನ ಎಷ್ಟೋ ದಿನದ ಮೇಲೆ ಒಟ್ಟಿಗೆ ಊಟಕ್ಕೆ ಕೂತರು.

"ತಾತ, ಮೊದಲ್ನೇ ಎಪಿಸೋಡಲ್ಲಿ ಮನೆಯವ್ರನ್ನ ಸ್ಟೇಜಿಗೆ ಕರೀತಾರೆ. ನೀನೇ ಬರ್ಬೇಕು," ಎಂದಳು ಮೇಘಶ್ರೀ.

"ನಾನಾ? ಅಪ್ಪ ಅಮ್ಮ ಇಲ್ವೇನವ್ವ?"

"ನಂಗೆ ಶ್ರುತಿ ಅಂದ್ರೆ ಏನು ಅಂತ ಹೇಳ್ಕೊಟ್ಟಿದ್ದು ಯಾರು? ಇವ್ರಿಬ್ರಾ?"

ಮರಿಯಣ್ಣ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು, ಡಾಕ್ಟರು ಬೇಡವೆಂದಿದ್ದರೂ. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ಶಿವಯ್ಯನ ಅಂಗಡಿಗೆ ಹೋಗಿ ಬಿಳಿ ಪಾಪ್ಲಿನ್ ಬಟ್ಟೆ ಕೊಟ್ಟು ತುಂಬು ತೋಳಿನ ಅಂಗಿ ಹೊಲಿಯಲು ಹೇಳಿದರು.

ಅಂಗಿಯ ವಿಷಯದಲ್ಲಿ ಮರಿಯಣ್ಣ ಬಲು ಕಟ್ಟುನಿಟ್ಟು. ಇಸ್ತ್ರಿ ಮಾಡಿದ ಅಂಗಿ ಇಲ್ಲದೆ ಅವರು ಹಾಲಿನ ಪ್ಯಾಕೆಟ್ ತರುವುದಕ್ಕೂ ಬೀದಿಗೆ ಇಳಿದವರಲ್ಲ. ಅವರ ಅಪ್ಪ ಕರಿಯಪ್ಪ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಹಾರನಹಳ್ಳಿಯಿಂದ ನಡೆದು ಬಂದು ಚೀಲ ಹೊರುತ್ತಿದ್ದ ಆ ಮನುಷ್ಯನ ಮೈಮೇಲೆ ಗೋಣಿಯ ಗುರುತು ಇರುತ್ತಿತ್ತೇ ಹೊರತು ಅಂಗಿ ಇರುತ್ತಿರಲಿಲ್ಲ. ಮಗನಿಗೆ ರೈಲ್ವೆ ಕೆಲಸದ ಆರ್ಡರ್ ಬಂದ ದಿನ ಕರಿಯಪ್ಪ ಹೇಳಿದ್ದು ಒಂದೇ ಮಾತು: "ಇನ್ನು ಬರಿಮೈಯಲ್ಲಿ ಯಾರ ಮುಂದೂ ನಿಲ್ಬೇಡ ಕಣ್ಲಾ."

ಹದಿನೈದು ದಿನಕ್ಕೆ ಟೀವಿಯವರು ಮನೆಗೆ ಬಂದರು. ಇಬ್ಬರು ಕ್ಯಾಮೆರಾ ಹುಡುಗರು, ಅವರನ್ನು ನಡೆಸುವ ಒಬ್ಬಳು ಹುಡುಗಿ. ಆ ಹುಡುಗಿ ಹಾಲಿನಲ್ಲಿ ನಿಂತು ಟೈಲ್ಸ್ ನೋಡಿದಳು, ಫ್ರಿಜ್ ನೋಡಿದಳು, ಗೋಡೆಯ ಮೇಲಿದ್ದ ಬುದ್ಧನ ಮತ್ತು ಬಾಬಾಸಾಹೇಬರ ಫೋಟೋ ನೋಡಿದಳು. "ಮನೆ ತುಂಬ ಚೆನ್ನಾಗಿದೆ ಅಲ್ವಾ," ಎಂದಳು. ರಕ್ತ ಪರೀಕ್ಷೆಯ ರಿಪೋರ್ಟು ಸರಿಯಿಲ್ಲ ಎನ್ನುವ ಹಾಗಿತ್ತು ಆ ದನಿ.

ಲತಾಮಣಿ ಉಪ್ಪಿಟ್ಟು, ಕಾಫಿ ಕೊಟ್ಟಳು. ಹುಡುಗಿ ತಿನ್ನುತ್ತಲೇ ಪ್ರಶ್ನೆ ಶುರು ಮಾಡಿದಳು.

"ಮನೇಲಿ ಯಾರಿಗಾದ್ರೂ ಕಾಯಿಲೆ?"

"ನನಗೆ ಸ್ವಲ್ಪ ಥೈರಾಯ್ಡ್ ಇದೆ," ಎಂದಳು ಲತಾಮಣಿ.

ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ. "ಮಗಳು ಹಾಡೋದು ಬೇಡ ಅಂತ ನೀವೇನಾದ್ರೂ ಹೊಡೆದಿದ್ದೀರಾ ಸಾರ್?"

"ಇಲ್ಲಪ್ಪ. ಹಾಸನಕ್ಕೆ ನಾನೇ ಕರ್ಕೊಂಡ್ ಹೋಗಿದ್ದು," ಎಂದ ಮಧುಕುಮಾರ್.

ಅದನ್ನೂ ಬರೆದುಕೊಳ್ಳಲಿಲ್ಲ. ಪೆನ್ನಿನ ಕ್ಯಾಪ್ ಹಾಕುವಷ್ಟರಲ್ಲಿ ಮರಿಯಣ್ಣನವರ ಕಡೆ ತಿರುಗಿ, "ತಾತ, ನಿಮ್ಮದೇನಾದ್ರೂ ಹೇಳಿ," ಎಂದಳು.

ಮರಿಯಣ್ಣ ಎಡವಿದ್ದು ಇಲ್ಲಿ. ಕೇಳುವವರಿಲ್ಲದೆ ಎಷ್ಟೋ ದಿನವಾಗಿದ್ದವರಿಗೆ ಯಾರೋ ಪೆನ್ನು ಹಿಡಿದು ಕೇಳಿದಾಗ ನಾಲಿಗೆ ನಿಲ್ಲಲಿಲ್ಲ. ಎಲ್ಲಿಂದ ಎಲ್ಲಿಗೆ ಬಂದೆವು ಎಂದು ಈ ಹುಡುಗಿಗೂ ತಿಳಿಯಲಿ ಎಂದುಕೊಂಡು, "ನಮ್ಮಪ್ಪ ಹಮಾಲಿ ಕಣವ್ವ. ಕೊಬ್ಬರಿ ಮಂಡೀಲಿ ಚೀಲ ಹೊತ್ತು ಹೊತ್ತು ಬೆನ್ನು ಬಗ್ಗಿ ಹೋಗಿತ್ತು," ಎಂದು ಶುರು ಮಾಡಿದರು. ಹುಡುಗಿಯ ಪೆನ್ನು ಓಡತೊಡಗಿತು. ಹಾರನಹಳ್ಳಿಯ ಹಳೆಯ ಮನೆ, ಆ ಮನೆಯಲ್ಲಿ ಈಗಲೂ ಇರುವ ಚಿಕ್ಕಪ್ಪನ ಮಗ ಪುಟ್ಟರಾಜು, ಎಲ್ಲವನ್ನೂ ಹೇಳಿದರು. ತಾವು ಪಾಯಿಂಟ್ಸ್‌ಮನ್ ಆಗಿದ್ದನ್ನು ಹೇಳುವ ಹೊತ್ತಿಗೆ ಅವಳು ಪುಸ್ತಕ ಮುಚ್ಚಿದ್ದಳು.

"ಸೂಪರ್ ತಾತ. ನಾವು ಆ ಹಳೇ ಮನೇಲೇ ಶೂಟ್ ಮಾಡೋಣ. ನೀವು ಒಂದು ಬನಿಯನ್, ಹೆಗಲ ಮೇಲೊಂದು ಟವೆಲ್. ಬೆನ್ನ ಮೇಲೆ ಒಂದು ಚೀಲ. ಚೀಲದೊಳಗೆ ಹುಲ್ಲು ಹಾಕ್ತೀವಿ, ಭಾರ ಇರಲ್ಲ. ಹಮಾಲಿ ತಾತ, ಹಾಡೋ ಮೊಮ್ಮಗಳು."

"ಹಮಾಲಿ ನಮ್ಮಪ್ಪ. ನಾನು ರೈಲ್ವೇಲಿದ್ದವನು."

"ಅಷ್ಟೆಲ್ಲ ಡೀಟೇಲ್ಸು ಜನಕ್ಕೆ ಬೇಡ ತಾತ," ಎಂದು ಹುಡುಗಿ ನಕ್ಕಳು. ಕೆಟ್ಟವಳೇನಲ್ಲ, ಅವಳಿಗೆ ಅದು ಕೆಲಸ. ಸಂಜೆಯೊಳಗೆ ತಿಳಿಸಿ ಎಂದು ಹೇಳಿ ಹೊರಟಳು.

ಸಂಜೆ ಮುದ್ದೆ, ಬಸ್ಸಾರಿನ ಮುಂದೆ ಜಗಳವಾಯಿತು.

"ಮಾವ, ಬೆಂಗಳೂರಿನ ಮಕ್ಕಳು ಹತ್ತು ವರ್ಷ ಸಂಗೀತ ಕಲ್ತು ಬಂದಿರ್ತಾರೆ," ಎಂದಳು ಲತಾಮಣಿ. "ನಮ್ಮ ಹುಡುಗಿ ಟೀವಿ ನೋಡ್ಕೊಂಡು ಕಲ್ತೋಳು. ಅವಳ ಮುಖ ಜನಕ್ಕೆ ನೆನಪಿರ್ಬೇಕು ಅಂದ್ರೆ ಏನಾದ್ರೂ ಒಂದು ಬೇಕು. ಇಷ್ಟು ವರ್ಷ ನಾನೂ ನೋಡಿದೀನಿ, ಕಥೆ ಇಲ್ದೋರು ಎರಡನೇ ವಾರಕ್ಕೆ ಮನೆಗೆ ಬರ್ತಾರೆ."

"ಕಥೆ ಇಲ್ವಾ ನಮ್ದು? ಹಮಾಲಿ ಮೊಮ್ಮಗ ತಾಲ್ಲೂಕ್ ಆಫೀಸಲ್ಲಿ ಕುರ್ಚಿ ಮೇಲೆ ಕೂತವ್ನೆ. ಅದನ್ನ ತೋರಿಸ್ಲಿ."

"ಅದನ್ನ ಯಾರು ನೋಡ್ತಾರಪ್ಪ," ಎಂದ ಮಧುಕುಮಾರ್, ಮುದ್ದೆ ಮುರಿಯುತ್ತಾ. "ಒಂದು ಬನಿಯನ್ ತಾನೆ. ಮನೇಲಿ ಹಾಕ್ಕೊಳಲ್ವಾ ನೀನು?"

"ಮನೇಲಿ ಹಾಕ್ಕೋತೀನಿ. ಹಾಕ್ಕೊಂಡು ಊರಿಗೆಲ್ಲ ತೋರ್ಸಿ ಅಳಲ್ಲ."

ಮೇಘಶ್ರೀ ತಟ್ಟೆಯಿಂದ ತಲೆಯೆತ್ತದೆ, "ತಾತ, ಬರೀ ಐದು ನಿಮಿಷ," ಎಂದಳು.

"ಐದು ನಿಮಿಷಕ್ಕೆ ನಾನು ನಮ್ಮಪ್ಪ ಆಗ್ಬೇಕೇನವ್ವ? ಅವನು ಬೆನ್ನು ಮುರ್ಕೊಂಡಿದ್ದು ನಾನು ಅವನಂಗೆ ಆಗ್ಬಾರ್ದು ಅಂತ." ಮರಿಯಣ್ಣ ಡೈರಿಯ ಕಡೆ ಕೈ ತೋರಿಸಿದರು. "ಗೋಳಿಗೆ ಮಾರ್ಕ್ ಕಟ್ ಅಂತ ಬರ್ದಿದ್ದು ನೀನೇ ಕಣವ್ವ."

"ಆವಾಗ ನಾನು ಚಿಕ್ಕೋಳು," ಎಂದು ಮೇಘಶ್ರೀ ತಟ್ಟೆ ಎತ್ತಿಕೊಂಡು ಹೋದಳು. ಅವಳು ಬಿಟ್ಟ ಅರ್ಧ ಮುದ್ದೆಯನ್ನು ಲತಾಮಣಿ ನೀರಿಗೆ ಹಾಕಿದಳು.

ಒಂದು ವಾರ ಮನೆಯಲ್ಲಿ ತಟ್ಟೆ ಲೋಟದ ಸದ್ದಷ್ಟೇ. ಆಮೇಲೆ ಒಂದು ಸಂಜೆ ಮಧುಕುಮಾರ್ ಒಂದು ಚೀಲ ಅವರೆಕಾಯಿ ತಂದು ಅಡುಗೆಮನೆಯಲ್ಲಿಟ್ಟ. ಪುಟ್ಟರಾಜು ಚಿಕ್ಕಪ್ಪ ಕೊಟ್ಟಿದ್ದು, ಪಹಣಿ ಕೆಲಸಕ್ಕೆ ಹಾರನಹಳ್ಳಿಗೆ ಹೋಗಿದ್ದೆ ಎಂದ. ನಂತರ ಚಪ್ಪಲಿ ಬಿಡುತ್ತಾ, "ಟೀವಿಯವ್ರು ಆ ಕಥೆ ಗಿಥೆ ಎಲ್ಲ ಕೈಬಿಟ್ರಂತೆ ಅಪ್ಪ. ಸ್ಟೇಜಿಗೆ ಕರೆಯೋದೂ ಇಲ್ವಂತೆ. ಬರೀ ಹಾಡು," ಎಂದ.

ಮರಿಯಣ್ಣನವರಿಗೆ ಗೆದ್ದೆನೆಂದೂ ಅನ್ನಿಸಿತು, ಏನೋ ಕಳೆದುಕೊಂಡೆನೆಂದೂ ಅನ್ನಿಸಿತು. ಶಿವಯ್ಯನಿಂದ ತಂದ ಅಂಗಿಯನ್ನು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟರು. ಆದರೂ ಅವರೆಕಾಯಿ ಸುಲಿಯುವಾಗ ಮೊಮ್ಮಗಳನ್ನು ಕರೆದರು. ಅವಳು ಬಂದು ಕೂತು, ಕಾಲು ಗಂಟೆ ಸುಲಿದು, ಒಂದೂ ಮಾತಾಡದೆ ಎದ್ದು ಹೋದಳು. ಹಾಡಿನ ಭಯ ಇರಬೇಕು ಎಂದುಕೊಂಡರು.

ಮೂವರೂ ಬೆಂಗಳೂರಿಗೆ ಹೊರಟ ಬೆಳಿಗ್ಗೆ ಮರಿಯಣ್ಣ ಸ್ಟೇಷನ್ನಿಗೆ ಬಂದಿದ್ದರು. ಜೊತೆಗೆ ಇಬ್ಬರಿಗಷ್ಟೇ ಅವಕಾಶವಂತೆ. ಒಂದರ ಹಿಂದೆ ಒಂದು ಶೂಟಿಂಗ್ ಇರುವುದರಿಂದ ಬರುವುದು ತಿಂಗಳಾಗಬಹುದು, ಇಬ್ಬರೂ ರಜೆ ಹಾಕಿದ್ದರು. ಕಿಟಕಿಯ ಬಳಿ ನಿಂತು ಮರಿಯಣ್ಣ, "ಮೇಲಿನ ಸ್ವರಕ್ಕೆ ಹೋಗೋವಾಗ ಅವಸರ ಮಾಡ್ಬೇಡ, ಉಸಿರು ಇಟ್ಕೊ," ಎಂದರು. ಮೇಘಶ್ರೀ ಅವರ ತೋಳಿನ ಗುಂಡಿಯನ್ನು ಹಿಡಿದುಕೊಂಡೇ ಇದ್ದಳು. ಏನೋ ಹೇಳುವುದಕ್ಕೆ ಬಾಯಿ ತೆರೆದಳು, ಅಷ್ಟರಲ್ಲಿ ಗಾಡಿ ಕದಲಿತು. ಗಾಡಿ ಹಳಿಯಿಂದ ಹಳಿಗೆ ದಾಟುವ ಸದ್ದು ಕೇಳಿಸುವ ತನಕ ಅವರು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಸರಿಯಾಗಿ ಕೂಡಿಸಿದ್ದರು ಈಗಿನವರು.

ಆಮೇಲಿನ ಎರಡು ವಾರ ಮನೆಯಲ್ಲಿ ಅವರೊಬ್ಬರೇ. ಒಬ್ಬರಿಗೆ ಎಂದು ಮುದ್ದೆ ತೊಳಸುವುದು ಕಷ್ಟದ ಕೆಲಸ, ಇಷ್ಟು ಹಿಟ್ಟು ಹಾಕಿದರೆ ಗಂಟು, ಅಷ್ಟು ಹಾಕಿದರೆ ನಾಳೆಗೂ ಅದೇ. ಹಾಲು ಅರ್ಧ ಲೀಟರ್ ಸಾಕಿತ್ತು, ಅಭ್ಯಾಸದಿಂದ ಒಂದು ಲೀಟರ್ ತಂದು ಎರಡು ದಿನ ಮೊಸರಿಗೆ ಹಾಕಿದರು. ಭಾನುವಾರ ಮಧ್ಯಾಹ್ನ ಹಾರುವವನು ಬಂದು ಒಂದು ನಗರವನ್ನು ಉಳಿಸಿದ. ಮರಿಯಣ್ಣನವರಿಗೆ ಬೈಯುವುದಕ್ಕೂ ಮನಸ್ಸಾಗಲಿಲ್ಲ. ಇವನ ಬದುಕು ಎಷ್ಟೋ ವಾಸಿ ಎನ್ನಿಸಿತು. ಅವನು ಅಂಗಿ ಬಿಚ್ಚಿದರೆ ಒಳಗೆ ಎದೆಯ ಮೇಲೆ ಗುರುತಿರುವ ಬಟ್ಟೆ ಇರುತ್ತದೆ, ಅದನ್ನು ಕಂಡು ಜನ ಕೂಗುತ್ತಾರೆ.

ಮೇಘಶ್ರೀಯ ಹಾಡು ಬರುವ ಶನಿವಾರ ಅವರು ಒಬ್ಬರೇ ನೋಡಲಾರದೆ ಪಾರ್ಸೆಲ್ ಆಫೀಸಿನಲ್ಲಿದ್ದ ಹಳೆಯ ಗೆಳೆಯ ಷಡಕ್ಷರಪ್ಪನವರನ್ನು ಕರೆದರು. ಷಡಕ್ಷರಪ್ಪ ಖಾರಾ ಬೂಂದಿಯ ಪೊಟ್ಟಣದ ಸಮೇತ ಬಂದರು. ಮರಿಯಣ್ಣ ಡೈರಿ ತೆಗೆದು ಗೆರೆ ಎಳೆದು ಕೂತರು.

ಮೊದಲು ಪಿಟೀಲು ಕೇಳಿಸಿತು. ಆಮೇಲೆ ಪರದೆಯ ಮೇಲೆ ಹಾರನಹಳ್ಳಿಯ ಹಳೆಯ ಮನೆ. ಅದರ ಮುಂದೆ ತೂತು ಬಿದ್ದ ಬನಿಯನ್, ಹೆಗಲ ಮೇಲೆ ಟವೆಲ್, ಬೆನ್ನ ಮೇಲೆ ಚೀಲ ಹೊತ್ತು ಒಬ್ಬ ಮುದುಕ ಬಗ್ಗಿ ಬಗ್ಗಿ ನಡೆಯುತ್ತಿದ್ದ. "ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಚೀಲ ಹೊತ್ತು ಮೊಮ್ಮಗಳ ಕನಸನ್ನೂ ಹೊತ್ತ ತಾತ," ಎಂದಿತು ಟೀವಿಯ ದನಿ. ಮುದುಕ ತಿರುಗಿದ. ಪುಟ್ಟರಾಜು.

ಷಡಕ್ಷರಪ್ಪನವರ ಕೈಯಲ್ಲಿದ್ದ ಬೂಂದಿ ಬಾಯಿಗೆ ಹೋಗಲಿಲ್ಲ. "ಮರಿಯಣ್ಣೋರೆ, ಇದು..." ಎಂದರು.

ಮೇಘಶ್ರೀ ಹಾಡಿದಳು. ಮೇಲಿನ ಸ್ವರಕ್ಕೆ ಉಸಿರು ಇಟ್ಟುಕೊಂಡು ಹೋದಳು, ಅವಸರ ಮಾಡಲಿಲ್ಲ. ಹಾಡು ಮುಗಿದ ಮೇಲೆ ನಿರೂಪಕ, "ತಾತ ಬಂದಿದ್ದಾರಾ?" ಎಂದು ಕೂಗಿದ. ಪುಟ್ಟರಾಜು ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಬಂದು ನಿಂತ. ಜಡ್ಜು ಅವನಿಗೊಂದು ಶಾಲು ಹೊದಿಸಿದರು. ಮೇಘಶ್ರೀ ಅವನ ಕಾಲು ಮುಟ್ಟಿ, "ಇವರೇ ನಮ್ಮ ತಾತ," ಎಂದಳು.

ಪುಟ್ಟರಾಜು ಅತ್ತ. ಆ ಅಳು ಹೇಳಿಕೊಟ್ಟದ್ದಲ್ಲ ಎಂದು ಮರಿಯಣ್ಣನವರಿಗೆ ತಿಳಿಯಿತು. ಪುಟ್ಟರಾಜುವಿಗೆ ಮಕ್ಕಳಿರಲಿಲ್ಲ. ಹೆಂಡತಿ ಸತ್ತ ಮೇಲೆ ಆ ಮನೆಯಲ್ಲಿ ಒಂಟಿ. ಅಷ್ಟು ಜನರ ಮುಂದೆ ಒಂದು ಮಗು ಅವನನ್ನು ನಮ್ಮ ತಾತ ಎಂದಿದ್ದು ಅವನ ಎಪ್ಪತ್ತು ವರ್ಷದ ಬಾಳಿನಲ್ಲಿ ಅದೇ ಮೊದಲು. ಸಿಟ್ಟು ಮಾಡಿಕೊಳ್ಳೋಣವೆಂದರೆ ಅವನ ಮೇಲೆ ಸಿಟ್ಟೂ ಬರಲಿಲ್ಲ.

"ಹುಡುಗಿ ಚೆನ್ನಾಗಿ ಹಾಡಿದ್ಲು ಬಿಡಿ," ಎಂದರು ಷಡಕ್ಷರಪ್ಪ. ಸ್ವಲ್ಪ ಹೊತ್ತು ಕೂತು, ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ ಎಂದು ಎದ್ದರು. ಬೂಂದಿಯ ಪೊಟ್ಟಣ ಹಾಗೇ ಉಳಿಯಿತು.

ಅವರು ಗೇಟು ಹಾಕಿಕೊಂಡು ಹೋಗುವಷ್ಟರಲ್ಲಿ ಫೋನ್ ಬಂತು. ಮಧುಕುಮಾರ್.

"ಅಪ್ಪ, ನೋಡಿದ್ಯಾ? ಬೇಜಾರ್ ಮಾಡ್ಕೊಬೇಡ. ಅವಳೇನು ಸುಳ್ಳು ಹೇಳಿಲ್ಲ. ಸಂಬಂಧದಲ್ಲಿ ಪುಟ್ಟರಾಜು ಚಿಕ್ಕಪ್ಪನೂ ಅವಳಿಗೆ ತಾತನೇ ಆಗ್ಬೇಕಲ್ವಾ."

"ಹೌದಪ್ಪ. ತಾತನೇ."

"ನೀನು ಒಪ್ಪಿದ್ರೆ ನಾವ್ಯಾಕೆ..."

"ಹೌದಪ್ಪ. ಫೋನ್ ಮಗೂಗೆ ಕೊಡು."

ಆ ಕಡೆ ಕೈ ಬದಲಾಯಿತು. ಆಮೇಲೆ ಮೇಘಶ್ರೀ, ಸಣ್ಣ ದನಿಯಲ್ಲಿ, "ತಾತ, ಎಷ್ಟು ಕೊಟ್ಟೆ?" ಎಂದಳು.

"ಒಂಬತ್ತು. ಎರಡನೇ ಚರಣದಲ್ಲಿ ಒಂದು ಕಡೆ ಮಾತು ನುಂಗಿದೆ."

"ಒಂದು ಮಾರ್ಕ್ ಕಟ್ ಮಾಡಿದ್ಮೇಲೆ ಒಂಬತ್ತಾ?"

"ಕಟ್ ಮಾಡ್ಲಿಲ್ಲ ಕಣವ್ವ."

"ಯಾಕೆ?"

"ನಮ್ಮನೆ ಗೋಳಾಗಿದ್ರೆ ಕಟ್ ಮಾಡ್ತಿದ್ದೆ," ಎಂದರು ಮರಿಯಣ್ಣ. "ಅದು ಪುಟ್ಟರಾಜುದು. ಅವನು ನಿಜವಾಗ್ಲೂ ಅತ್ತ."

ಆ ಕಡೆ ಮೇಘಶ್ರೀ ಬಿಕ್ಕುವುದು ಕೇಳಿಸಿತು. "ಅಳ್ಬೇಡ, ಗಂಟಲು ಕಟ್ಟುತ್ತೆ. ಬಿಸಿನೀರು ಕುಡ್ದು ಮಲ್ಕೊ," ಎಂದು ಹೇಳಿ ಫೋನ್ ಇಟ್ಟರು. ಅವಳ ಮೇಲೆ ಅವರಿಗಿದ್ದ ಪ್ರೀತಿ ಒಂದು ಎಳೆಯೂ ಕಮ್ಮಿಯಾಗಿರಲಿಲ್ಲ, ನೋವಾದದ್ದು ಅದಕ್ಕೇ. ಆ ದಿನ ಅವರು ಒಲೆ ಹಚ್ಚಲಿಲ್ಲ, ಬೂಂದಿ ತಿಂದು ಮೊಸರು ಕುಡಿದರು.

ವಾರವೆಲ್ಲ ಹಾಲಿನ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಜನ ಮೊಮ್ಮಗಳನ್ನು ಹೊಗಳಿದರು. ಆದರೆ ತಾತನ ಸುದ್ದಿ ಬರುವ ಹೊತ್ತಿಗೆ ಮಾತು ಬೇರೆ ಕಡೆ ತಿರುಗಿಸಿದರು. ಮರಿಯಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು, "ಹೌದು, ಚೆನ್ನಾಗಿ ಹಾಡಿದ್ಲು," ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

ಮುಂದಿನ ಶನಿವಾರ ಅವರು ಯಾರನ್ನೂ ಕರೆಯಲಿಲ್ಲ. ಬೇಗ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಬೀರು ತೆಗೆದು ಶಿವಯ್ಯ ಹೊಲಿದ ಹೊಸ ಅಂಗಿಯ ಮಡಿಕೆ ಬಿಚ್ಚಿದರು. ಹಾಕಿಕೊಂಡು, ಎರಡೂ ತೋಳಿನ ಗುಂಡಿ ಹಾಕಿ, ಕನ್ನಡಿ ನೋಡಿ ತಲೆ ಬಾಚಿಕೊಂಡರು. ಡೈರಿ ತೊಡೆಯ ಮೇಲಿಟ್ಟುಕೊಂಡು ಸೋಫಾದ ನಡುವೆ ಕೂತರು.

ಮೇಘಶ್ರೀ ಹಾಡಿದಳು. ಈ ಸಲ ಮಾತು ನುಂಗಲಿಲ್ಲ. ಚಪ್ಪಾಳೆ ನಿಂತ ಮೇಲೆ ನಿರೂಪಕ ನಗುತ್ತಾ ಮೈಕ್ ಎತ್ತಿ, "ಎಲ್ಲಿ, ಈ ವಾರವೂ ಮೇಘಶ್ರೀ ತಾತ ಬಂದಿದ್ದಾರಾ?" ಎಂದ.

"ಬಂದೀನಿ ಕಣಪ್ಪ," ಎಂದರು ಮರಿಯಣ್ಣ, ಟೀವಿಗೆ. ಹೇಳಿ, ಸೋಫಾದಿಂದ ಎದ್ದು ನಿಂತರು.